ಚೌಕಾಸಿ ಮಾಡದೆ ತಂದ ಗಡಗಿ

ದೀಪ ಸಣ್ಣದು ಮಾಡ್ರಿ, ಹೇಳ್ತೇನಿ. ಇಂಥಾದ್ದು ಹೇಳೂದಂದ್ರ ನನಗ ಹಬ್ಬ! ಹೋದ ಬ್ಯಾಸಗಿ, ನಮ್ಮ ಬಾಜೂ ಮನಿ ಅಂಬರೀಶಗ ಆದದ್ದಿದು.

ಕಡೇ ಬಸ್ಸು ಅವನನ್ನು ತಡಸದ ಕ್ರಾಸಿನಲ್ಲಿ ಇಳಿಸಿ ಹೋದಾಗ ಅವನಿಗಿದ್ದದ್ದು ಒಂದೇ ಚಿಂತೆ. ಅವನವ್ವ ಮಂಜವ್ವ ಜ್ವರ ಬಂದು ಮಲಗಿದ್ದಳು. ಫ್ರಿಜ್ಜಿನ ನೀರು ತುಟಿಗೆ ಮುಟ್ಟಿಸಿಕೊಳ್ಳಳು. "ಗಡಗಿ ನೀರು ಕೊಡು" ಅನ್ನುವುದೊಂದೇ. ಮನೆಯಲ್ಲಿದ್ದ ಮಣ್ಣಿನ ಗಡಗಿ ಸೀಳು ಬಿಟ್ಟಿತ್ತು. ನೀರು ಇಳಿಯದಿದ್ದರೆ ಮುದುಕಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಕುಂಬಾರ ಗುದ್ಲೆಪ್ಪನನ್ನು ಎಬ್ಬಿಸಿದ. ಕೇಳಿದಷ್ಟು ಕೈಗಿಟ್ಟು ಗಡಗಿ ಎತ್ತಿದ.

ಗುದ್ಲೆಪ್ಪನ ದನಿ ತಗ್ಗಿತು. "ಯಾರ್ ಹೋದ್ರೋ ತಮ್ಮಾ?"

"ಯಾರೂ ಇಲ್ರೀ ಕಾಕಾ. ಅವ್ವಗ ಕುಡ್ಯಾಕ."

"ಹಂಗಾರ ಚೌಕಾಸಿ ಮಾಡು! ಸತ್ತವ್ರ ಗಡಗಿಗಷ್ಟ ಚೌಕಾಸಿ ಇಲ್ಲ."

"ರೊಕ್ಕ ಬ್ಯಾಡಾಗೇತೇನ್ರೀ ನಿಮಗ?" ನಕ್ಕ. ನಡೆದೇಬಿಟ್ಟ.

ಹಾಳು ಬಾವಿ ದಾಟಿದ... ಬೆನ್ನ ಹಿಂದೆ ಬರಿಗಾಲಿನ ಸಪ್ಪಳ. ಥಪ್... ಥಪ್... ಹೆಗಲ ಮೇಲಿನ ಖಾಲಿ ಗಡಗಿ ಭಾರವಾಯಿತು. ಒಳಗೆ ಗುಳುಗುಳು ನೀರು ತುಳುಕಿತು.

ಟಕ್!

ಗಡಗಿಗೆ ಕಲ್ಲು ಬಡಿದ ಸದ್ದು. ಬೆನ್ನ ಮೇಲೆ ತಣ್ಣಗೆ ಧಾರೆ ಇಳಿಯಿತು. ಅಂಬರೀಶನಿಗೆ ತಿಳಿದುಹೋಯಿತು. ಅಪ್ಪನನ್ನು ಮಣ್ಣು ಮಾಡಿದ ದಿನ ಅವನೇ ಹೀಗೆ ನೀರಿನ ಗಡಗಿ ಹೊತ್ತು ಹೆಣದ ಸುತ್ತ ಸುತ್ತಿದ್ದ. ಸುತ್ತಿಗೊಂದು ತೂತು. ಮೂರನೆಯದಾದ ಮೇಲೆ ತಿರುಗಿ ನೋಡದೆ ಹಿಂದಕ್ಕೆ ಬಿಡಬೇಕು. ಒಡೆಯಿತೋ, ಹೋದವರು ಹೋದಂತೆಯೇ.

ಟಕ್!... ಟಕ್!

"ಬಿಡಪಾ..." ಕಿವಿಯ ಹತ್ತಿರವೇ ಪಿಸುದನಿ. ಅಪ್ಪನದು! "ಬಿಡು... ಆಕಿನ್ನ ಕಳಿಸು. ಒಬ್ಬಾಂವ ಅದೇನಿ."

"ಬ್ಯಾಡಪ್ಪಾ... ಬ್ಯಾಡ."

ಗಡಗಿಯನ್ನು ಎದೆಗವುಚಿಕೊಂಡು, ಅಳುತ್ತಲೇ ಓಡಿದ. ಮನೆ ಮುಟ್ಟಿದಾಗ ಅಂಗಿ ತೊಯ್ದು ತೊಪ್ಪೆ. ಮಂಜವ್ವ ಎದ್ದು ಕೂತಿದ್ದಳು. ಯಾರೂ ತುಂಬಿಸದ ಆ ನೀರನ್ನೇ ಗಟಗಟ ಕುಡಿದಳು. ಬೆಳಗಾಗುವುದರೊಳಗೆ ಜ್ವರ ಬಿಟ್ಟಿತು.

ಇವತ್ತಿಗೂ ಅದರದೇ ನೀರು ಕುಡಿಯುತ್ತಾಳೆ. ಬೇರೆ ಯಾರೂ ಕುಡಿಯುವುದಿಲ್ಲ. ಅಂಬರೀಶ ಅದನ್ನು ಜರುಗಿಸುವುದಿಲ್ಲ, ಮಕ್ಕಳನ್ನು ಆ ಮೂಲೆಗೆ ಬಿಡುವುದಿಲ್ಲ. ಒಡೆದರೆ?

ಸುಳ್ಳಲ್ರೀ, ನಾನ ಹೋಗಿ ನೋಡೇನಿ. ಗಡಗಿ ಹೊಟ್ಟಿಗೆ ಮೂರು ತೂತು. ಒಂದರಾಗ ಕಿರುಬೆರಳು ಹಾಕಿದೆ, ಒದ್ದಿ ಆತು. ತೆಗೆದೆ... ಒಂದು ಹನಿ ಹೊರಗ ಬರಲಿಲ್ಲ.