ಮೇಲಿನ ಹಲಗೆಯ ಕುಂಬಳಕಾಯಿ

…ಕೂತ್ಕೋ ಅಂದ್ನಲ್ಲ, ಕೂತ್ಕೋ! ಆ ಸ್ಟೂಲ್ ಎಳ್ಕೊಂಡು ಇಲ್ಲಿ ಒಲೆ ಪಕ್ಕ ಬಾ. ಬೆಳಿಗ್ಗೆ ಆಸ್ಪತ್ರೇಲಿ ದವಡೆ ತಂತಿ ಬಿಚ್ಚಿದ್ರು, ಮಧ್ಯಾಹ್ನ ಆಯ್ತು, ಇನ್ನೂ ಒಂದು ಮಾತು ಹೊರಗೆ ಬಂದಿಲ್ಲ ನಿನ್ನ ಬಾಯಿಂದ. ದವಡೆ ಕೂಡಿಕೊಂಡಿದೆ, ಅಗಿಯಬಹುದು, ಮಾತಾಡಬಹುದು ಅಂತ ಡಾಕ್ಟರೇ ಹೇಳಿ ಕಳಿಸಿದಾರೆ… ಹೋಗ್ಲಿ ಬಿಡು. ಒಂದೂವರೆ ತಿಂಗಳು ಬೀಗ ಬಿದ್ದಿದ್ದ ಬಾಯಿ. ಅಣ್ಣ ಇದ್ದಾನಲ್ಲ, ನಿನ್ನ ಪಾಲಿಂದೂ ಸೇರಿಸಿ ಅವನೇ ಮಾತಾಡ್ತಾನೆ.

ಏನು? ಯಾಕೋ ನಗ್ತೀಯ? ಅಣ್ಣ ಟವೆಲ್ ಕಟ್ಕೊಂಡು ಕ್ಯಾರೆಟ್ ಹೆರೀತಿದಾನೆ ಅಂತಾನಾ? ನಗು, ನಗು! ಇಡೀ ಬೀದಿ ನನ್ನನ್ನ ಮಾಂಸದ ಮಂಡೆ ಅಂತ ಕರೆಯುತ್ತೆ, ಆ ಮಂಡೆಯೇ ಕೂತು ಕ್ಯಾರೆಟ್ ಹೆರೀತಿದೆ. ಯಾರಿಗೋಸ್ಕರ? ನಿನಗೋಸ್ಕರ ಕಣೋ, ಸೊಪ್ಪಿನ ಸಾಹೇಬ!

ಏಯ್! ಯಾರಯ್ಯಾ ಅದು ಹಿಂದಿನ ಬಾಗಿಲು ಬಡೀತಿರೋದು? ಅಡುಗೆಮನೆ ಮುಚ್ಚಿದೆ! ಸಂಜೆ ಬಾ! ಇನ್ನೊಂದು ಸಲ ಬಡಿದ್ರೆ ಆ ಕೈನೇ ಕೊಚ್ಚಿ ಬಾಣಲೆಗೆ ಹಾಕ್ತೀನಿ ನೋಡು!… ಹಾಲಿನವನು ಅನ್ಸುತ್ತೆ. ಯಾಕೋ ಬೆಚ್ಚಿಬಿದ್ದೆ? ನಿನಗಲ್ಲ ಕಣೋ ಹೇಳಿದ್ದು. ನನ್ನ ಬಾಯಿ ಗೊತ್ತಲ್ಲ ನಿನಗೆ. ಬರೀ ಬಾಯಿ ಅಷ್ಟೇ.

ಇವತ್ತು ನಿನಗೆ ಅಗಿಯೋ ಊಟ. ಸಾಕು ಆ ಸ್ಟ್ರಾ ಹಾಕ್ಕೊಂಡು ಹೀರಿದ್ದು. ಏನೇನು ಅರೆದು ಕುಡಿಸಿದೀನಿ ನಿನಗೆ ನಾನು, ಲೆಕ್ಕ ಇದೆಯಾ? ನಿಮ್ಮತ್ತಿಗೆ ಮುಖ ಊದಿಸ್ಕೊಂಡು ಕೂತಿದಾಳೆ, ನಾನು ಬಸುರಿಯಾಗಿದ್ದಾಗ ಒಂದು ಲೋಟ ನೀರೂ ಕೊಡದ ಮನುಷ್ಯ ತಮ್ಮನಿಗೆ ಬಟಾಣಿ ಸಿಪ್ಪೆ ಸುಲಿದು ಸುಲಿದು ಕೊಡ್ತಿದಾನೆ ಅಂತ. ಸತ್ಯ ತಾನೇ? ನೀನೇ ಸ್ಲೇಟಲ್ಲಿ ಬರೆದು ತೋರಿಸಿದೆಯಲ್ಲ, ‘ಅಣ್ಣಾ, ನೀನಿಲ್ದಿದ್ರೆ ಸತ್ತೇ ಹೋಗ್ತಿದ್ದೆ’ ಅಂತ. ಅದನ್ನ ಓದಿ ನಾನು… ಆಚೆ ಹೋಗಿ ಮುಖ ತೊಳ್ಕೊಂಡು ಬಂದೆ. ನನ್ನಂಥವನು!

ಎಲ್ಲಾ ನೀನು ಹೇಳಿದ್ದೇ ಕಣೋ ಮಾಡಿದ್ದು. ಹಡಗಿನ ಅಡುಗೆಮನೇಲಿ ದೇಶ ದೇಶ ಸುತ್ತಿ ಬಂದವನು ನೀನು, ಬಂದ ದಿನದಿಂದ ಅದೇ ಪುರಾಣ. ಹಿಮ ಬೀಳೋ ಊರಲ್ಲಿ ಎಲೆಕೋಸಿಗೆ ಉಪ್ಪು ಹಾಕಿ, ಜಾಡಿಗೆ ತುಂಬಿ, ನೆಲದಲ್ಲಿ ಹೂತಿಡ್ತಾರಣ್ಣ… ಮರಳುಗಾಡಿನ ಕಡೆ ಬದನೆಕಾಯಿನ ಇಡಿಯಾಗಿ ಕೆಂಡಕ್ಕೆ ಹಾಕಿ, ಸಿಪ್ಪೆ ಕರಿಕಲಾದ ಮೇಲೆ ತಿರುಳು ತೆಗೆದು ಎಳ್ಳಿನ ಜೊತೆ ಅರೀತಾರಣ್ಣ… ಇನ್ನೆಲ್ಲೋ ಸೌತೆಕಾಯಿನ ಮೊಸರಲ್ಲಿ ತಣ್ಣಗೆ ಕುಡೀತಾರಣ್ಣ… ಅಣ್ಣ, ಅಣ್ಣ, ಅಣ್ಣ! ಅರ್ಧ ಪ್ರಪಂಚಕ್ಕೆ ತರಕಾರಿನೇ ಊಟ, ಮಾಂಸ ಬರೀ ರುಚಿಗೆ ಅಂತೀಯ! ಅದೂ ಯಾರ ಮುಂದೆ? ನನ್ನ ಮುಂದೆ! ಕುರಿ ತೊಡೆ ಮೂಳೆನ ಒಂದೇ ಏಟಿಗೆ ಎರಡು ಮಾಡೋನ ಮುಂದೆ!

ಆದ್ರೂ ಕಲಿತೆ. ಸೌತೆಕಾಯಿ ಕಲಿತೆ, ಬದನೆಕಾಯಿ ಕಲಿತೆ. ಆ ಚಳಿ ದೇಶದವರ ಬೀಟ್‌ರೂಟ್ ಗಂಜಿ ಒಂದು ಸಲ ಮಾಡಿದೆ, ನೆನಪಿದೆಯಾ? ಕೆಂಪಗೆ, ದಪ್ಪಗೆ… ನೀನು ಹೀರುವಾಗ ತುಟಿ ಪಕ್ಕದಿಂದ ಇಳಿದು ಕುತ್ತಿಗೆ ತನಕ ಬಂತು. ನನ್ನ ಕೈಯಿಂದ ಬಟ್ಟಲೇ ಜಾರಿ ಬಿತ್ತು. ಅದೊಂದನ್ನ ಮತ್ತೆ ಮಾಡಲಿಲ್ಲ ನೋಡು.

ಸ್ವಲ್ಪ ಜರುಗು. ಸಂಜೆಗೆ ಈ ಮಾಂಸ ಬಡಿದು ತೆಳ್ಳಗೆ ಮಾಡಬೇಕು. ಹಾಂ… ಹಾಂ… ಹೀಗೆ! ಬಡಿದಷ್ಟೂ ಮೆತ್ತಗಾಗುತ್ತೆ ಇದು. ಏನು ನೋಡ್ತೀಯ? ಕತ್ತಿ ಬೆನ್ನಲ್ಲಿ ಯಾಕೆ ಬಡೀತಿದೀನಿ ಅಂತಾನಾ? ಮಾಂಸ ಬಡಿಯೋ ಹಲ್ಲಿನ ಸುತ್ತಿಗೆ ಅಲ್ಲೇ ಇದೆಯಲ್ಲೋ, ಮೊಳೆಗೆ ತೂಗ್ತಾ ಇದೆ. ಯಾಕೋ… ಕೈಗೆ ಸರಿಹೋಗ್ತಿಲ್ಲ ಅದು ಈಚೆಗೆ. ಭಾರ. ವಯಸ್ಸಾಯ್ತಲ್ಲ!

ಈಗ ಕೇಳಿಲ್ಲಿ. ಸಂಜೆ ಯಜಮಾನಿ ಬರ್ತಾಳೆ. ಹೇಗಾಯ್ತು ಅಂತ ನಿನ್ನ ಬಾಯಿಂದಲೇ ಕೇಳಬೇಕಂತೆ. ಹೋಟೆಲ್ ಅವಳದ್ದು, ಕೇಳ್ಲಿ. ಆ ಡಾಕ್ಟರು ಅವಳ ತಲೆಗೆ ಹುಳ ಬಿಟ್ಟಿದಾನೆ. ಪೆಟ್ಟು ಮೇಲಿಂದ ಬಿದ್ದ ಹಾಗಿಲ್ಲ, ಪಕ್ಕದಿಂದ ಬಿದ್ದ ಹಾಗಿದೆ ಅಂತ! ಕುಂಬಳಕಾಯಿ ಯಾವ ಕಡೆಯಿಂದ ಬೀಳಬೇಕು ಅಂತ ಇವನನ್ನ ಕೇಳ್ಕೊಂಡು ಬೀಳುತ್ತಾ? ನಾಲಿಗೆ ಸೀಳಿಬಿಡ್ತಿದ್ದೆ ಅವನದ್ದು, ನಿನ್ನ ದವಡೆ ಅವನ ಕೈಲಿ ಇಲ್ದಿದ್ರೆ.

ನೀನು ಹೇಳೋದು ಇಷ್ಟೇ. ಔತಣ ಮುಗೀತು, ಅತಿಥಿಗಳು ಹೋದ್ರು, ನೀನು ಈರುಳ್ಳಿ ತೆಗೆಯೋಕೆ ಆ ಮೂಲೇಲಿ ಬಗ್ಗಿದೆ. ಅಲ್ಲಿ ತನಕ ನಿನಗೇ ನೆನಪಿದೆ. ಆಮೇಲಿಂದು ನೆನಪಿಲ್ಲ, ಅದನ್ನ ನಾನು ಹೇಳಿಕೊಟ್ಟಿದೀನಿ. ನೀನು ತಲೆ ಎತ್ತಿದೆ, ಹೆಗಲು ಕಂಬಕ್ಕೆ ತಾಗಿ ಮೇಲಿನ ಹಲಗೆ ಅಲ್ಲಾಡ್ತು, ಕುಂಬಳಕಾಯಿ ಜಾರಿ ನೇರ ನಿನ್ನ ದವಡೆಗೆ ಬಡೀತು. ಅಲ್ಲಿಂದ ಈ ಕಲ್ಲಿನ ನೆಲಕ್ಕೆ ದಡ್ ಅಂತ ಬಿದ್ದು, ಉರುಳಿ ಉರುಳಿ ಒಲೆ ತನಕ ಬಂತು. ಪೊಲೀಸಿನವನಿಗೂ ನಾನು ಹೀಗೇ ನಡೆದು ತೋರಿಸಿದೆ, ಇಲ್ಲಿಂದ ಇಲ್ಲಿಗೆ. ಆಮೇಲೆ ನಾನು? ಒಂದು ಗಳಿಗೆ ತಡ ಮಾಡಲಿಲ್ಲ! ಕೈಲಿದ್ದಿದ್ದು ಅಲ್ಲೇ ಬಿಟ್ಟು, ನಿನ್ನನ್ನ ಹೆಗಲ ಮೇಲೆ ಹಾಕ್ಕೊಂಡು ಬೀದಿ ಉದ್ದಕ್ಕೂ ಓಡಿದೆ. ಇಷ್ಟೇ ಕಣೋ. ನೀರು ಕುಡಿದಷ್ಟು ಸುಲಭ.

ಏನು ಹಾಗೆ ಗುರಾಯಿಸ್ತೀಯ? ಓ… ಬೀಗದ ಕೈನಾ? ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿದೆ ಅಂತಾನಾ? ನಿನಗೋಸ್ಕರ ಜೋಪಾನವಾಗಿ ಇಟ್ಕೊಂಡಿದೀನಿ. ಬೇಕಾ? ತಗೋ! ನನಗೇನು ಹೊಟ್ಟೆಕಿಚ್ಚಾ? ಥೂ!

ಆ ಔತಣದಲ್ಲಿ ನನಗೆ ಹೊಟ್ಟೆಕಿಚ್ಚು ಬಂತು ಅಂತ ಪಾತ್ರೆ ತೊಳೆಯೋಳು ಆಡ್ಕೊಂಡಳಂತೆ. ಏನಾಗಿತ್ತು ಹೇಳು? ಮೇಜಿನ ಮಧ್ಯದಲ್ಲಿ ನಿನ್ನ ಹೂಕೋಸು, ನೀನೇ ಇಡಿಯಾಗಿ ಸುಟ್ಟು ತಂದು ಇಟ್ಟಿದ್ದೆ, ರಾಜನ ಹಾಗೆ ಕೂತಿತ್ತು. ಸುತ್ತ ಸಿಹಿಗೆಣಸು, ಬೆಂಡೆಕಾಯಿ, ಏನೇನೋ ಸೊಪ್ಪು. ನನ್ನ ಮಾಂಸ? ತಟ್ಟೆ ಅಂಚಿಗೆ! ಉಪ್ಪಿನಕಾಯಿ ಜಾಗಕ್ಕೆ! ನಾನು ಕೆಂಡದ ಮುಂದೆ ಕೂತು ಬೇಯಿಸಿದ್ದನ್ನ ಜನ ಬೆರಳ ತುದೀಲಿ ಮುಟ್ಟಿ ಪಕ್ಕಕ್ಕಿಟ್ರು. ನಿನಗೆ ಚಪ್ಪಾಳೆ. ಯಜಮಾನಿ ಎದ್ದು ನಿಂತು, ಎಲ್ಲರ ಮುಂದೆ, ಎಲ್ಲರ ಮುಂದೆ ಕಣೋ, ಬೀಗದ ಕೈ ಬಿಚ್ಚಿ ತಮ್ಮನಿಗೆ ಕೊಡಯ್ಯಾ, ಇನ್ಮೇಲೆ ಅಡುಗೆಮನೆ ಅವನದ್ದು ಅಂದಳು. ಬಿಚ್ಚಿ ಕೊಟ್ಟೆ. ನಕ್ಕೊಂಡೇ ಕೊಟ್ಟೆ. ನೀನೂ ನಗ್ತಿದ್ದೆ. ಆಮೇಲೆ ಇಲ್ಲಿ ಬಂದು, ನನಗೆ ಬೆನ್ನು ಹಾಕಿ, ಈರುಳ್ಳಿ ಹುಡುಕ್ತಾ ಏನಂದೆ? ‘ಅಣ್ಣ, ನಾಳೆಯಿಂದ ನೀನು ನನ್ನ ಕೈಕೆಳಗೆ, ಮೊದಲು ಸಿಪ್ಪೆ ಹೆರೆಯೋದು ಕಲಿ.’ ತಮಾಷೆಗೆ. ಗೊತ್ತು, ತಮಾಷೆಗೆ ಅಂದಿದ್ದು. ನಾನೂ ತಮಾಷೆಗೇ ತಗೊಂಡೆ. ನೋಡು, ಹೆರೀತಿದೀನಲ್ಲ!

ಸಾಕು, ಈ ಮಾತು ಸಾಕು. ಈಗ ಮಜಾ ನೋಡು. ಇಳಿಸ್ತೀನಿ ಇರು, ಆ ಪಾಪಿನ. ಮೇಲಿನ ಹಲಗೆಯಿಂದ… ಉಶ್ಶ್! ಎರಡೂ ಕೈ ಬೇಕು ಇದಕ್ಕೆ. ಹಾಂ, ಇದೇ! ಇದೇ ಕುಂಬಳಕಾಯಿ! ಅವತ್ತೇ ಎತ್ತಿ ಮತ್ತೆ ಅಲ್ಲೇ ಇಟ್ಟಿದ್ದೆ, ಒಬ್ಬರಿಗೂ ಮುಟ್ಟೋಕೆ ಬಿಟ್ಟಿಲ್ಲ. ನಿನ್ನ ತಂತಿ ಬಿಚ್ಚಿದ ದಿನ ಇದನ್ನ ಕಡಿದು, ತುಂಡು ಮಾಡಿ, ಬೆಂಕಿಗೆ ಹಾಕಿ, ನಿನ್ನ ಹಲ್ಲಿಗೇ ಕೊಡ್ತೀನಿ ಅಂತ ಹಟ ಹಿಡಿದಿದ್ದೆ. ನಿನ್ನ ದವಡೆ ಒಡೆದವನನ್ನ ನಿನ್ನ ದವಡೇನೇ ಅಗೀಬೇಕು. ಹೇಗಿದೆ? ಹಿಡ್ಕೋ, ಮೊದಲು ನೀನೇ ಒಂದು ಗುದ್ದು ಕೊಡು. ನಾನು ಕತ್ತಿ ಮಸೀತೀನಿ.

…ಕೊಡಿಲ್ಲಿ, ಕಡೀತೀನಿ.

ಯಾಕೋ? ಏನು ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀಯ? ಸಂತೇಲಿ ಕೊಳ್ಳೋನ ಹಾಗೆ ತಟ್ಟಿ ನೋಡೋದು ಬೇರೆ! ತೊಟ್ಟಾ? ತೊಟ್ಟು ಇದೆ. ಕುಂಬಳಕಾಯಿಗೆ ತೊಟ್ಟು ಇರದೆ ಇನ್ನೇನಿರುತ್ತೆ? ಗೀರಿಲ್ಲ… ಹೂಂ, ಗೀರಿಲ್ಲ. ಏನೀಗ? ಗಟ್ಟಿ ಕಾಯಿ. ಈ ಸಲದ ಕಾಯಿಗಳೆಲ್ಲ ಹಾಗೇ, ಕಲ್ಲು ಕಲ್ಲು.

ನೆಲ ಯಾಕೆ ನೋಡ್ತೀಯ? ಕಲ್ಲಿನ ನೆಲ, ಗೊತ್ತು. ನಾನೇ ಹೇಳಿದೆ. ಅಲ್ಲ… ಮೊದಲು ಮೂಟೆ ಮೇಲೆ ಬಿತ್ತು! ಹಾಂ, ಈರುಳ್ಳಿ ಮೂಟೆ ಮೇಲೆ. ಮೆತ್ತಗೆ. ಹೇಳಿದ್ನಲ್ಲ ನಿನಗೆ? ಹೇಳಲಿಲ್ವಾ? ಮರೆತಿರ್ತೀನಿ. ಗಾಬರೀಲಿ ಯಾರಿಗೆ ನೆನಪಿರುತ್ತೆ ಎಲ್ಲಿ ಬಿತ್ತು ಅಂತ! ಮಾಂಸ ಆದ್ರೆ ಬಿದ್ದ ಜಾಗದಲ್ಲಿ ಹಾಗೇ ಬಿದ್ದಿರುತ್ತೆ, ಒಡೆಯಲ್ಲ, ಚೂರಾಗಲ್ಲ. ಇದೆಲ್ಲ ನನಗೇನು ಗೊತ್ತು? ತರಕಾರಿಯವನು ನೀನು!

ಯಾಕೆ ನನ್ನ ಹೆಗಲು ನೋಡ್ತೀಯ? ಸುಮ್ನೆ ಸವರಿಕೊಂಡೆ. ನಿನ್ನನ್ನ ಹೊತ್ತ ಹೆಗಲು ಕಣೋ ಇದು, ಇನ್ನೂ ನೋಯುತ್ತೆ.

ಏಯ್… ಎಲ್ಲಿಗೆ? ಸ್ಟೂಲ್ ಹತ್ತಬೇಡ. ತಲೆ ಸುತ್ತಿ ಬಿದ್ದೀಯ! ಇಳಿ. ಹಲಗೆ ಮೇಲೆ ಯಾಕೆ ಇಡ್ತೀಯ ಮತ್ತೆ? ಕಡೀಬೇಕಲ್ವಾ ಅದನ್ನ, ಅಡುಗೆ ಮಾಡಬೇಕಲ್ವಾ… ತುದೀಗೆ ತಳ್ಳಬೇಡ. ತಮ್ಮಾ. ತಳ್ಳಬೇಡ ಅಂದೆ! ಇಳಿಯೋ, ಇಳಿದೇ ಇದ್ರೆ ಕಾಲು ಮುರಿದುಬಿಡ್ತೀನಿ… ಇಲ್ಲ, ಇಲ್ಲ, ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಕೈ ಬಿಡಬೇಡ, ಕೈ ಬಿಡ—

…

ಬೀಜ. ಒಲೆ ತನಕ ಹಾರಿದೆ ಬೀಜ. ಒಂದು ತುಂಡೂ ನೆಟ್ಟಗಿಲ್ಲ…

ಬೈಯೋ. ತಂತಿ ಇಲ್ವಲ್ಲ ಈಗ, ಬೈಯಿ! ಬೋಳಿಮಗನೇ ಅನ್ನು, ಕೊಲೆಗಡುಕ ಅನ್ನು, ಏನಾದ್ರೂ ಅನ್ನು! ಹೊಡಿ, ತಗೋ, ಇಲ್ಲೇ ಹೊಡಿ, ನನ್ನ ದವಡೆಗೂ ಒಂದು ಕೊಡು. ಸುಮ್ನೆ ನಿಂತ್ಕೊಂಡು ನೋಡಬೇಡ ಹಾಗೆ. ನಿನಗೆ ಸೌತೆಕಾಯಿ ಅರೆದು ಕೊಟ್ಟವನು ಕಣೋ ನಾನು…

ಎಲ್ಲಿಗೆ ಹೋಗ್ತೀಯ? ಆ ಮೊಳೆ ಹತ್ರ ಏನಿದೆ ನಿನಗೆ? ಸುತ್ತಿಗೆ ಬಿಡು. ಬಿಡು ಅಂದೆ. ಬೆಳಕಿಗೆ ಹಿಡಿದು ಏನು ನೋಡ್ತೀಯ ಅದರಲ್ಲಿ? ಏನೂ ಸಿಗಲ್ಲ ನಿನಗೆ. ತೊಳೆದಿದೀನಿ ಅದನ್ನ. ಬಿಸಿನೀರು ಹಾಕಿ, ಹಲ್ಲು ಹಲ್ಲಿನ ಸಂದಿ ಉಜ್ಜಿ… ಅವತ್ತೇ, ನಿನ್ನನ್ನ ನೆಲದಿಂದ ಎತ್ತೋದಕ್ಕೆ ಮುಂಚೇನೇ ತೊಳೆದಿಟ್ಟೆ.