ಚಾ ಬಣ್ಣದ ನೀರು

"ನೀರು ಸೋಸ್ದೆ ಕುಡೀಬ್ಯಾಡಿ."

ನನ್ನ ಹೆಂಡ್ತಿ ಹುಲಿಯಮ್ಮ ಕೊನೇಗೆ ಆಡಿದ ಮಾತು ಇಷ್ಟೇ, ಸಾಹೇಬ್ರೆ. ದೇವರ ಹೆಸರಿಲ್ಲ, ಮಗಳ ಹೆಸರಿಲ್ಲ. ನೀರು ಸೋಸ್ಬೇಕಂತೆ... ಯಾಕೆ ನಗ್ತೀರಿ? ಬೆಳಿಗ್ಗೆಯಿಂದ ನೀವೂ ಆಡ್ತಿರೋದು ನೀರಿನ ಮಾತೇ ಅಲ್ವಾ. ಬಾವಿಗೆ ಶೀಶೆ ಇಳಿಸೋದು, ಎತ್ತೋದು, ಬಿಸಿಲಿಗೆ ಹಿಡಿದು ನೋಡೋದು. ಇದಕ್ಕೆ ಸರ್ಕಾರದ ಸಂಬಳ. ಜೀಪು ಬೇರೆ.

ಯುರೇನಿಯಂ ಅಂದ್ರಿ. ಅಣುಶಕ್ತಿಗೆ ಬೇಕು ಅಂದ್ರಿ. ಬಂಡೆ ಬಿಟ್ಟು ನೀರಲ್ಲಿ ಕರಗ್ತದೆ, ಕಣ್ಣಿಗೆ ಕಾಣಲ್ಲ, ಅದು ಇದ್ದಲ್ಲಿ ಈ ಪೆಟ್ಟಿಗೆ ಟಿಕ್ ಟಿಕ್ ಅಂತದೆ ಅಂದ್ರಿ. ಆಯ್ತು. ನಮ್ಮೂರು ಲಿಂಗನಮಕ್ಕಿ ಡ್ಯಾಮಿನ ನೀರಲ್ಲಿ ಮುಳುಗಿದ್ದು ಎಲ್ಲರ ಕಣ್ಣಿಗೂ ಕಾಣ್ತಿತ್ತು. ಆಗ ಒಬ್ಬರೂ ಶೀಶೆ ಹಿಡ್ಕೊಂಡು ಬರ್ಲಿಲ್ಲ. ಹೊಸನಗರದ ಈ ಕಾಡಂಚಿಗೆ ಬಂದು ಬಾವಿ ತೋಡಿದ್ವಿ. ಬಂದಿದ್ದು ಚಾ ಬಣ್ಣದ ನೀರು. ಎಲೆ ಕೊಳೆತ ರಸ.

ಏನು? ಆ ರಸಾನೇ ಯುರೇನಿಯಂನ ಹಿಡ್ಕೊಳ್ಳೋದಾ? ಕರಗಿದ ರಸ ಹಿಡ್ಕೊಂಡ್ರೆ ನೀರಿನ ಜೊತೆ ಹೋಗ್ತದೆ. ಎಲೆಚೂರು, ಕೆಸರು ಹಿಡ್ಕೊಂಡ್ರೆ ಅಲ್ಲೇ ಕೂರ್ತದೆ ಅಂತೀರಿ. ಇಷ್ಟು ಹೇಳಕ್ಕೆ ಎಷ್ಟು ವರ್ಷ ಓದಿದ್ರಿ?

ಹಾಗಾದ್ರೆ... ಸೋಸಿದ್ರೆ? ಬಣ್ಣದ ಜೊತೆಗಿದ್ದಿದ್ದು ಕೊಡಕ್ಕೇ ಇಳೀತದೆ. ಎಲೆಚೂರಿಗೆ ಅಂಟಿದ್ದು ಕೊಡದ ಬಾಯಿಗೆ ಕಟ್ಟಿದ ಬಟ್ಟೇಲಿ ನಿಲ್ತದೆ. ಅಂತೂ ಸ್ವಲ್ಪ ನಿಲ್ತದೆ ಅನ್ನಿ.

ಇಲ್ಲ, ಸುಮ್ನೆ ಕೇಳ್ದೆ.

ಅವಳು ಸತ್ತಿದ್ದು ಅದರಿಂದ್ಲಾ ಅಂತ ಕೇಳಲ್ಲ. ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ, ನಿಮಗೇನು ಗೊತ್ತಾಗ್ತದೆ.

ಆ ಸೋಸೋ ಬಟ್ಟೆ ಬೇಕಾ? ಪರೀಕ್ಷೆಗೆ? ಸುಟ್ಟು ಹೋಯ್ತು, ಅವಳ ಜೊತೆಗೇ. ಇಲ್ಲ ಅಂತ ಬರ್ಕೊಳ್ಳಿ.

ಹೊರಟ್ರಾ? ಒಳ್ಳೇದು. ಪೆಟ್ಟಿಗೆ ತಗೊಳ್ಳಿ... ನಿಂತ್ರಲ್ಲ. ನನ್ನ ಪಕ್ಕ ಬಂದಾಗ ಟಿಕ್ ಟಿಕ್ ಜಾಸ್ತಿ ಆಯ್ತಾ? ಕೆಟ್ಟಿದೆ ಅದು. ಬಾವಿ ಆ ಕಡೆ ಇದೆ, ನನ್ನ ತಲೆ ಹತ್ರ ಯಾಕೆ ಹಿಡೀತೀರಿ. ದುಡಿಯೋನ ಮುಂಡಾಸು, ಮಣ್ಣಾಗಿರ್ತದೆ.

ಯಾಕೆ ಬಗ್ಗಿ ನೋಡ್ತೀರಿ?

ಗಂಡಸಿನ ಮುಂಡಾಸಿಗೆ ಸೀರೆ ಅಂಚು ಇರಬಾರದು ಅಂತ ಕಾನೂನಿದೆಯಾ?

ಹೌದು, ಅವಳ ಸೀರೆದೇ, ಸಾಹೇಬ್ರೆ.

ಮುಟ್ಟಬೇಡಿ. ಕೊಡಲ್ಲ.

ಅವಳನ್ನ ಸುಟ್ಟು ಬಂದ ಮಾರನೇ ಬೆಳಿಗ್ಗೆ ಕೊಡದ ಬಾಯಿಂದ ಇದನ್ನ ಬಿಚ್ಚಿದೆ. ತಲೆಗೆ ಸುತ್ತಿಕೊಂಡೆ. ಬಾವಿಗೆ ಹೋಗಿ ನೀರು ಸೇದಿದೆ. ಸೋಸದೆ ಕುಡಿದೆ.