ಯಾವ ರೆಜಿಮೆಂಟು

…ನಗಬೇಡ ಕಣಪ್ಪಾ, ನಿಜವಾಗ್ಲೂ ಹಂಗೇ ಅಂದ್ರು! "ಇವತ್ತು ಇನ್‌ಸ್ಪೆಕ್ಷನ್ ಅಲ್ವಾ ಮೇಡಂ, ಅದಕ್ಕೇ ನಿನ್ನೆ ತಗೊಂಡೆ" ಅಂತ. ತಿಂಗಳೆಲ್ಲಾ ಬಿಪಿ ಮಾತ್ರೆ ಮುಟ್ಟಿಲ್ಲ ಆ ರಂಗಯ್ಯ. ಲಕ್ಕವಳ್ಳಿಯಿಂದ ಬರ್ತಾರಲ್ಲ, ಮಿಲಿಟ್ರೀಲಿ ನಾಯಕ್ ಆಗಿ ರಿಟೈರ್ ಆದವ್ರು, ಅವ್ರೇ. ನಮ್ಮ ಮಾಜಿ ಸೈನಿಕರ ಕ್ಲಿನಿಕ್ಕಿಗೆ ಬರೋ ಹಿಂದಿನ ದಿನ ಮಾತ್ರ, ಬೂಟಿಗೆ ಪಾಲಿಶ್ ಹೊಡ್ಕೊಂಡ ಹಂಗೆ ಒಂದು ಮಾತ್ರೆ ನುಂಗಿ ರೆಡಿ! ಡಾಕ್ಟ್ರು ಬಿಪಿ ನೋಡಿ ಗಾಬರಿ ಬಿದ್ದು ಇನ್ನೊಂದು ಮಾತ್ರೆ ಜಾಸ್ತಿ ಬರೆಯೋಕೆ ಹೋದ್ರು. ನಾನೇ ತಡೆದೆ. ಸಾರ್, ಇರೋದನ್ನೇ ತಗೊಂಡಿಲ್ಲ ಇವ್ರು, ಜಾಸ್ತಿ ಬರೆದು ಏನ್ ಮಾಡ್ತೀರಾ ಅಂದೆ.

ನೋಡು, ನಗ್ತಾ ನಗ್ತಾ ಕೈ ನಿಲ್ಲಿಸ್ಬಿಟ್ಟೆ. ಹಿತುಕು, ಹಿತುಕು. ಎಡಗೈ ಅಲ್ಲ… ಕಳ್ಳ! ಬಲಗೈಲಿ. ಫಿಸಿಯೋದವ್ರು ರಬ್ಬರ್ ಚೆಂಡು ಹಿಚುಕು ಅಂದಿದ್ರು, ನಾನು ಅವರೆಕಾಳು ಕೊಟ್ಟೆ. ಚೆಂಡು ಹಿಚುಕಿದ್ರೆ ಸಾರು ಆಗುತ್ತಾ? ಇದಾದ್ರೆ ಅಮ್ಮ ಸಂಜೆ ಕಡೂರಿಂದ ಬರೋ ಹೊತ್ತಿಗೆ ಹಿತಕಿದ ಬೇಳೆ ಸಾರು ತಯಾರಿರುತ್ತೆ. ಬರ್ಲಿ, ನಾಮಕರಣದ ಊಟ ಹೊಡ್ಕೊಂಡು ಬಂದಿರ್ತಾಳೆ, ಆದ್ರೂ ತಿಂತಾಳೆ ಬಿಡು.

ಏನು? ಯಾಕೆ ಬಂದೆ ಅಂತಾನಾ? ಚೆನ್ನಾಗಿದೆ! ಹೋದ ಭಾನುವಾರ ಬಂದಿದ್ದೆ, ಈ ಭಾನುವಾರನೂ ಬಂದೆ, ಅದಕ್ಕೇನೀಗ? ತರೀಕೆರೆಯಿಂದ ಅಜ್ಜಂಪುರಕ್ಕೆ ಬರೋಕೆ ಪರ್ಮಿಷನ್ ತಗೋಬೇಕಾ ಹವಾಲ್ದಾರ್ ಈರಭದ್ರಪ್ಪನವ್ರ ಹತ್ರ? ಅಮ್ಮ ಇರಲ್ಲ ಅಂತ ಗೊತ್ತಾಯ್ತು, ಬಸ್ ಹತ್ತಿ ಬಂದೆ. ಇಲ್ಲ… ನಿನ್ನ ಅಳಿಯಂದ್ರ ಜೊತೆ ಜಗಳ ಇಲ್ಲ. ಸ್ಫೂರ್ತಿಗೆ ನಾಳೆ ಪರೀಕ್ಷೆ, ಅಪ್ಪ ಮಗಳು ಓದ್ಕೊಂಡು ಕೂತಿದಾರೆ.

ಫೋನಾ? ಯಾರ್ದೂ ಇಲ್ಲ. ಸುಮ್ನೆ ನೋಡ್ದೆ. ಟೈಮ್ ನೋಡ್ದೆ ಅಷ್ಟೇ.

ಏನ್ ಹೇಳ್ತಿದ್ದೆ ನಾನು… ಹಾಂ, ಮಾತ್ರೆ. ನಾನು ಫಾರ್ಮಸಿ ಓದೋವಾಗ ನೀನು ಏನಂದೆ ನೆನಪಿದೆಯಾ? "ಚೀಟಿ ನೋಡಿ ಮಾತ್ರೆ ಕೊಡೋಕೆ ಇಷ್ಟು ವರ್ಷ ಓದ್ಬೇಕೇನೇ ಸಂಗೀತಾ?" ಅಂತ. ಬಸ್‌ಸ್ಟ್ಯಾಂಡಲ್ಲಿ ನಿಂತು, ಎಲ್ಲರೆದುರಿಗೆ! ಈಗ್ಲೂ ನಿನಗೆ ನಾನೇನ್ ಮಾಡ್ತೀನಿ ಅಂತ ಪೂರ್ತಿ ಗೊತ್ತಿಲ್ಲ ಬಿಡು. ಕೊಡೋದು ಸುಲಭ ಕಣಪ್ಪಾ. ಕೊಟ್ಟಿದ್ದನ್ನ ಅವ್ರು ಏನ್ ಮಾಡ್ತಾರೆ ಅಂತ ಕಂಡುಹಿಡಿಯೋದಿದೆಯಲ್ಲ, ಅದು ನನ್ನ ಕೆಲಸ. ಮನೇಲಿರೋ ಮಾತ್ರೆನೆಲ್ಲ ಒಂದು ಚೀಲದಲ್ಲಿ ತುಂಬ್ಕೊಂಡು ಬನ್ನಿ ಅಂತೀನಿ. ತರ್ತಾರೆ. ಟೇಬಲ್ ಮೇಲೆ ಸುರೀತೀನಿ. ಶಿವಮೊಗ್ಗದ ಡಾಕ್ಟ್ರು ಕೊಟ್ಟಿದ್ದು, ಬೀರೂರಿನ ಅಂಗಡಿಯಿಂದ ತಂದಿದ್ದು, ಸೊಸೆದು, ಪಕ್ಕದ ಮನೆಯವ್ರದು, ಎಲ್ಲಾ ಬೀಳುತ್ತೆ. ಯಾವ್ದು ಯಾವ್ದರ ಜೊತೆ ಜಗಳ ಆಡುತ್ತೆ ನೋಡ್ಬೇಕು, ಯಾವ್ದು ಕಮ್ಮಿ ಆಗಿದೆ, ಯಾವ್ದು ಹಂಗೇ ಉಳಿದಿದೆ ನೋಡ್ಬೇಕು. ಕೇಳಿದ್ರೆ ನಿಮ್ಮವ್ರು ಬಾಯಿ ಬಿಡಲ್ವಲ್ಲ! ಹೆಂಗಿದೀರಾ ಸಾರ್? ಸಬ್ ಠೀಕ್. ನಿದ್ದೆ? ಸಬ್ ಠೀಕ್. ಎದೆ ನೋವು? ಸಬ್ ಠೀಕ್. ಸ್ಟ್ರೆಚರ್ ಮೇಲೆ ಮಲಗಿರ್ತಾರೆ, ಆದ್ರೂ ಸಬ್ ಠೀಕ್, ಎಲ್ಲಾ ಸರಿಯಾಗಿದೆ! ಹುಷಾರಿಲ್ಲ ಅಂತ ರಿಪೋರ್ಟ್ ಮಾಡಿದ್ರೆ ಯೂನಿಟ್ಟಲ್ಲಿ ಕೆಲಸಗಳ್ಳ ಅಂತಿದ್ರು ಅಂತ ನೀನೇ ಹೇಳಿದ್ದೆ. ಅಲ್ಲಿಂದ ಬಂದು ಎಷ್ಟು ಕಾಲ ಆಯ್ತು, ಇನ್ನೂ ಅದೇ.

ಹೂಂ… ನೀನೂ ಅಷ್ಟೇ. ನೀನೇನು ಕಮ್ಮಿನಾ.

ಅಪ್ಪಾ, ಒಂದು ವಿಷ್ಯ ಕೇಳ್ಲಾ? ಒಬ್ರ ವಿಷ್ಯ. ನಿನ್ನ ಹತ್ರ ಕೇಳೋಣ ಅಂತಾನೇ… ಅಂದ್ರೆ, ಬಂದೆ ಅಲ್ವಾ, ಹಂಗೇ ಕೇಳೋಣ ಅಂತ. ಬೀರೂರಿನವ್ರು ಒಬ್ರು ಇದಾರೆ. ಹೆಸರು ಹೇಳೋ ಹಂಗಿಲ್ಲ. ನಿನ್ನ ವಯಸ್ಸಿನವ್ರೇ. ಗಟ್ಟಿ ಮನುಷ್ಯ. ರಿಟೈರ್ ಆಗಿ ಬಂದ್ಮೇಲೂ ಸುಮ್ನೆ ಕೂತವ್ರಲ್ಲ. ಹೋದ ಶ್ರಾವಣದಲ್ಲಿ… ಶ್ರಾವಣನೋ ಏನೋ, ಸ್ಟ್ರೋಕ್ ಆಯ್ತು. ಬದುಕ್ಕೊಂಡ್ರು. ಕಾಲು ಸ್ವಲ್ಪ ಎಳೀತಾರೆ. ರಾತ್ರಿ ನಿದ್ದೆ ಬರಲ್ಲ ಅಂದ್ರು, ಡಾಕ್ಟ್ರು ನಿದ್ದೆ ಮಾತ್ರೆ ಬರೆದ್ರು. ತಿಂಗಳು ತಿಂಗಳು ಮಾತ್ರೆ ಹೋಗ್ತಾ ಇದೆ, ಆದ್ರೆ ಮನುಷ್ಯನಿಗೆ ನಿದ್ದೆ ಇಲ್ಲ. ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಎಲ್ಲಿ ಹೋಗ್ತಿದಾವೆ ಮಾತ್ರೆ?

ಹಿತುಕಪ್ಪಾ. ಯಾಕೆ ನಿಲ್ಲಿಸ್ದೆ? ಬೆರಳು ನೋಯುತ್ತಾ? ನೋಯ್ತಿದ್ರೆ ಬಿಡು… ಇಲ್ವಾ? ಸರಿ.

ಕೂಡಿಡ್ತಿದಾರೆ ಅಪ್ಪಾ. ನುಂಗೋ ಹಂಗೆ ಬಾಯಿಗೆ ಹಾಕ್ಕೊಂಡು, ನೀರು ಕುಡಿದು, ಆಚೆ ಹೋಗಿ ತೆಗೆದು ಇಡ್ತಿದಾರೆ. ಮನೆಯವ್ರು… ಅವ್ರ ಹೆಂಡ್ತಿಗೆ ಗೊತ್ತಿಲ್ಲ ಪಾಪ. ಎದುರಿಗೆ ನಿಂತು ಕೊಡ್ತಾರೆ, ತಗೊಂಡ್ರು ಅಂದ್ಕೊಂಡು ಹೋಗಿ ಮಲಗ್ತಾರೆ. ಯಾತಕ್ಕೆ ಕೂಡಿಡ್ತಾರೆ ಅಂತ ನಾನು ನಿನಗೆ ಬಿಡಿಸಿ ಹೇಳ್ಬೇಕಾ? ಬೇಡ ಅಲ್ವಾ. ಅದನ್ನ ನೋಡಿದ್ಮೇಲೆ… ಕೇಳಿದ್ಮೇಲೆ ನನಗೆ ಅನ್ನ ಸೇರ್ತಿಲ್ಲ. ಕ್ಲಿನಿಕ್ಕಲ್ಲಿ ಒಬ್ರ ಮಾತ್ರೆ ಇನ್ನೊಬ್ರಿಗೆ ಕೊಡೋಕೆ ಹೋಗಿದ್ದೆ. ಜೊತೆಯವ್ರು ನೋಡಿ ಕೈ ಹಿಡಿದ್ರು. ದಿನಾ ಬೆಳಿಗ್ಗೆ ಎದ್ದ ತಕ್ಷಣ ಫೋನ್ ಮಾಡೋದು, ಅವ್ರ ಹೆಂಡ್ತಿಗೆ. ಎದ್ರಾ? ಕಾಫಿ ಕುಡಿದ್ರಾ? ಅಂತ. ಅವ್ರು, "ಏನೇ ಇದು, ದಿನಾ ಅದನ್ನೇ ಕೇಳ್ತೀಯಾ" ಅಂತ ಬೈತಾರೆ.

ಏ… ಅವ್ರು ನನ್ನ ಹಂಗೇ ಮಾತಾಡ್ಸೋದು. ಸಲಿಗೆ ಜಾಸ್ತಿ.

ಈಗ ನೀನು ಹೇಳು. ನಾನೇನ್ ಮಾಡ್ಲಿ? ಅವ್ರನ್ನ ಕೂರಿಸ್ಕೊಂಡು ನೇರವಾಗಿ ಕೇಳಿದ್ರೆ ಸ್ವಾಭಿಮಾನಕ್ಕೆ ಪೆಟ್ಟು ಬೀಳುತ್ತೆ. ಬಾಗ್ಲು ಹಾಕ್ಕೊಂಡ್ಬಿಡ್ತಾರೆ. ಕೇಳದೆ ಬಿಟ್ರೆ… ಬಿಡೋಕಾಗುತ್ತಾ? ಡಾಕ್ಟ್ರಿಗಂತೂ ಹೇಳಿದೀನಿ. ರೇಣುಕಪ್ರಸಾದ್ ಡಾಕ್ಟ್ರಿಗೆ. ಅವ್ರೇ, ಮೊದ್ಲು ನೀವೇ ಮಾತಾಡಿ ಸಂಗೀತಾ, ಆಮೇಲೆ ನಾನು ಫೋನ್ ಮಾಡ್ತೀನಿ ಅಂದ್ರು. ಅವ್ರೇನೋ ಹೇಳ್ಬಿಟ್ರು! ಮಾತು ಎಲ್ಲಿಂದ ಶುರು ಮಾಡೋದು? ಬಸ್ಸಲ್ಲಿ ಬರೋವಾಗ ಪೂರ್ತಿ ಅದನ್ನೇ ಹೊಂದಿಸ್ಕೊಂಡು ಬಂದೆ, ಈ ಜಗಲಿ ಮೇಲೆ ಕೂತ ತಕ್ಷಣ ಎಲ್ಲಾ ಮರ್ತೋಯ್ತು. ರಂಗಯ್ಯನ ಕಥೆ ಹೇಳ್ಕೊಂಡು ಕೂತೆ.

ಮಾತಾಡಪ್ಪಾ. ನೀನು ಇಷ್ಟು ಜನ ಹುಡುಗ್ರನ್ನ ನೋಡಿದವ್ನು. ಕಾಲೇಜ್ ಗ್ರೌಂಡಲ್ಲಿ ಸೀಟಿ ಊದ್ಕೊಂಡು, ಸೈನ್ಯದ ಭರ್ತಿಗೆ ಅಂತ ಊರ ಹುಡುಗ್ರನ್ನೆಲ್ಲ ಓಡಿಸಿ ಓಡಿಸಿ ಬೆವರು ಇಳಿಸ್ತಿದ್ದೆ. ಒಬ್ಬ ಕುಸಿದು ಕೂತ್ರೆ ನೀನು ಬೈತಾ ಇರ್ಲಿಲ್ಲ. ಪಕ್ಕದಲ್ಲಿ ಹೋಗಿ ಕೂತ್ಕೋತಿದ್ದೆ, ನಾನೇ ನೋಡಿದೀನಿ. ನೀನು ಓಡಿಸಿ ಸೈನ್ಯಕ್ಕೆ ಸೇರಿಸಿದ ಆ ತಿಪ್ಪೇಶ್ ಲೀವ್ ಮೇಲೆ ಬಂದಾಗೆಲ್ಲ ಅದನ್ನೇ ಹೇಳ್ತಾನೆ. ಈ ಸಲ ಸಾರ್ ಇದಾರಾ ಅಂತ ಗೇಟ್ ಹತ್ರ ಬಂದಿದ್ನಂತೆ. ಮಲಗಿದಾರೆ ಅನ್ನು ಅಂತ ಅಮ್ಮನಿಗೆ ಹೇಳಿ ಕಳಿಸ್ದೆಯಂತೆ ನೀನು. ಮಲಗಿದ್ಯಾ? ಇಲ್ಲ. ಕಿಟಕಿಯಿಂದ ನೋಡ್ತಿದ್ದೆಯಂತೆ.

ಈ ಕಾಲು ಎಳ್ಕೊಂಡು ಹುಡುಗ್ರ ಎದುರಿಗೆ ಹೆಂಗ್ ಹೋಗ್ಲಿ ಅಂತ ತಾನೇ?

ಅಪ್ಪಾ.

ಇರು, ಇರು… ಒಂದು ನಿಮಿಷ. ನೀನು ಕೇಳ್ಲೇ ಇಲ್ಲ.

ಯಾವ ರೆಜಿಮೆಂಟು ಅಂತ ಕೇಳ್ಲಿಲ್ಲ ನೀನು! ನಾನು ಕೆಲಸಕ್ಕೆ ಸೇರ್ದಾಗಿಂದ ಯಾರ ಸುದ್ದಿ ಎತ್ತಿದ್ರೂ ನೀನು ಮೊದ್ಲು ಕೇಳೋದು ಅದನ್ನೇ. ಕಾಯಿಲೆ ಏನು ಅಂತ ಆಮೇಲೆ. ಸತ್ತವ್ರ ಸುದ್ದಿ ಹೇಳಿದ್ರೂ, ಅಯ್ಯೋ ಅನ್ನೋಕ್ ಮುಂಚೆ, "ಯಾವ ರೆಜಿಮೆಂಟು?" ಈಗ ರಂಗಯ್ಯನ ಮಾತು ಬಂದಾಗ್ಲೂ, ಮದ್ರಾಸ್ ರೆಜಿಮೆಂಟ್ ಅಲ್ವಾ ಅವ್ನು ಅಂದೆ. ಈ ಬೀರೂರಿನವ್ರ ಬಗ್ಗೆ ನಾನು ಇಷ್ಟು ಹೊತ್ತು ಬಡ್ಕೊಂಡೆ… ನೀನು ಕೇಳ್ಲಿಲ್ಲ.

ನಿನಗೆ ಗೊತ್ತು. ಬೀರೂರಿನವ್ರು ಅಂತ ಯಾರೂ ಇಲ್ಲ ಅಂತ ನಿನಗೆ ಗೊತ್ತು.

ಹೂಂ ಕಣಪ್ಪಾ, ಯಾರೂ ಇಲ್ಲ. ನಾನೇ ಕಟ್ಟಿದ್ದು. ಹೋದ ಭಾನುವಾರ ನಿನ್ನ ಬ್ಲೇಜರ್ ಬಿಸಿಲಿಗೆ ಹಾಕೋಣ ಅಂತ ಟ್ರಂಕು ತೆಗೆದೆನಲ್ಲ. ಅಡಿಯಲ್ಲಿ ಬೂಟ್ ಪಾಲಿಶ್ ಡಬ್ಬಿ ಇತ್ತು. ಎತ್ತಿದ್ರೆ ಗಲಗಲ ಅಂತು. ಪಾಲಿಶ್ ಡಬ್ಬಿ ಯಾಕೆ ಸದ್ದು ಮಾಡುತ್ತೆ ಅಂತ ತೆಗೆದೆ… ನಾನೇ ತಂದುಕೊಟ್ಟ ಮಾತ್ರೆ ಅಪ್ಪಾ! ನನ್ನ ಕೈಯಾರೆ! ಎಲ್ಲಾ ಚೀಲಕ್ಕೆ ಸುರ್ಕೊಂಡು, ಡಬ್ಬಿ ಮುಚ್ಚಿ ಅಲ್ಲೇ ಇಟ್ಟು, ಏನೂ ಆಗದೇ ಇರೋ ಹಂಗೆ ನಿಮ್ಮಿಬ್ರ ಜೊತೆ ಕೂತು ಊಟ ಮಾಡಿ ಹೋದೆ. ನಿನಗೆ ಗೊತ್ತಾಗದೇ ಇರ್ಲಿ ಅಂತ. ಗೊತ್ತಾದ್ರೆ ನಿನಗೆ ನಾಚಿಕೆ ಆಗುತ್ತೆ ಅಂತ. ನಿಧಾನಕ್ಕೆ, ಯಾರದೋ ಕಥೆ ಥರ ಹೇಳಿ, ನಿನ್ನ ಬಾಯಿಂದಾನೇ ಬರೋ ಹಂಗೆ ಮಾಡೋಣ ಅಂತ. ನನ್ನ ತಲೆಗಿಷ್ಟು ಬೆಂಕಿ ಹಾಕ!

ಆದ್ರೆ… ಅಪ್ಪಾ. ಡಬ್ಬಿ ಖಾಲಿ ಮಾಡ್ದೆ ಅಂದ್ರೂ ನೀನು ಬೆಚ್ಚಲಿಲ್ಲ. ನಾನು ತೆಗೆದಿದ್ದು ನಿನಗೆ ಮೊದ್ಲೇ ಹೆಂಗೆ ಗೊತ್ತಾಯ್ತು? ಅಮ್ಮನಿಗೂ ಹೇಳಿಲ್ಲ ನಾನು. ಡಾಕ್ಟ್ರೂ ನಿನ್ನ ಜೊತೆ ಮಾತಾಡಿಲ್ಲ.

ಡಬ್ಬಿ ತೆಗೆದು ನೋಡಿದೀಯಾ.

ಈ ವಾರದಲ್ಲಿ ಯಾವತ್ತೋ ಒಂದಿನ, ನೀನು ಟ್ರಂಕಿನ ಹತ್ರ ಹೋಗಿ… ಅಯ್ಯೋ ದೇವ್ರೇ. ಖಾಲಿ ಇತ್ತು ಅಂತ ಗೊತ್ತಾಗಿದ್ದು ಹಂಗೇ ಅಲ್ವಾ? ಮಾತ್ರೆ ಹಾಕೋಕೆ ಹೋಗಿದ್ಯಾ, ಇಲ್ಲಾ… ಬೇಡ, ಹೇಳ್ಬೇಡ. ಇಲ್ಲ, ಹೇಳು. ತಲೆ ತಗ್ಗಿಸ್ಬೇಡ ಕಣಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಮುಖ ನೋಡು.

ನನಗೆ ಕೋಪ ಇಲ್ಲ. ಸುಳ್ಳು, ಇದೆ. ತುಂಬಾ ಕೋಪ ಇದೆ! ಅದಕ್ಕಿಂತ ಹೆದ್ರಿಕೆ ಜಾಸ್ತಿ ಇದೆ. ಯಾರು ನಿನ್ನನ್ನ ಭಾರ ಅಂದ್ರು? ಅಮ್ಮ ಅಂದ್ಲಾ? ನಾನು ಅಂದ್ನಾ? ನೀನು ಕಾಲು ಎಳ್ಕೊಂಡೇ ಓಡಾಡು, ಗ್ರೌಂಡಲ್ಲಿ ಕುರ್ಚಿ ಹಾಕ್ಕೊಂಡು ಕೂತು ಸೀಟಿ ಊದು, ಊದೋಕಾಗ್ದಿದ್ರೆ ಸುಮ್ನೆ ಕೂತಿರು. ಇರ್ಬೇಕು ಕಣಪ್ಪಾ ನೀನು. ನನಗೆ ಬೇಕು. ಅಷ್ಟೇ, ಇನ್ನೇನೂ ಇಲ್ಲ.

ಅಳು. ಅಳು ಬರ್ಲಿ ಬಿಡು, ಯಾರು ನೋಡ್ತಾರೆ ಇಲ್ಲಿ. ಕಾಳೆಲ್ಲಾ ಚೆಲ್ಲಿದ್ರೆ ಚೆಲ್ಲಿ ಹೋಗ್ಲಿ.

…ಫೋನು. ಡಾಕ್ಟ್ರದ್ದೇ. ಬೇಡ ಅಂದ್ರೆ ಕಟ್ ಮಾಡ್ತೀನಿ, ಸಂಜೆ ಮಾಡಿ ಅಂತೀನಿ. ನಾನಂತೂ ಇವತ್ತು ವಾಪಸ್ ಹೋಗಲ್ಲ. ನಾಳೆನೂ ಹೋಗಲ್ಲ. ನಿನ್ನ ಕರ್ಕೊಂಡೇ ಹೋಗೋದು…

ಏನು? ಕೈ ಚಾಚ್ತಿದೀಯಾ? ಫೋನಿಗಾ? ಬಲಗೈಲಿ… ಇರು, ನಾನು ಹಿಡ್ಕೋತೀನಿ. ಹಿಂಗೆ ಕಿವಿ ಹತ್ರ… ಡಾಕ್ಟ್ರೇ, ಒಂದ್ನಿಮಿಷ, ಅಪ್ಪ ಮಾತಾಡ್ತಾರೆ.

ಹೆಂಗಿದೀರಾ ಅಂತ ಕೇಳ್ತಿದಾರೆ. ಅಪ್ಪಾ… ಸಬ್ ಠೀಕ್ ಅಂತ ಮಾತ್ರ ಅನ್ನಬೇಡ.